ಪಾಲೆಯ ತೊಗಟೆ ಮತ್ತು ಅರ್ಬುದಕೋಶ: ಔಷಧೀಯ ಸಸ್ಯಸಾರಗಳ ಪರೀಕ್ಷೆಯ ಕ್ರಮ, ಅರ್ಥ ಮತ್ತು ಮಿತಿ

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿಗೆ ಸೇರಿದ ಕೊಕ್ಕಡವು ಪಶ್ಚಿಮ ಘಟ್ಟದ ತಪ್ಪಲಿನ ಗ್ರಾಮ. ಇಲ್ಲಿನ ದೇವಾಲಯದಲ್ಲಿ ಆರಾಧಿತನಾದ ಶಿವನ ಹೆಸರು ವೈದ್ಯನಾಥೇಶ್ವರ. ಇಲ್ಲಿ ನಡೆಯುವ ಕೋರಿ ಜಾತ್ರೆಯಲ್ಲಿ ರೋಗನಿವಾರಣೆಗಾಗಿ ಹರಕೆ ಸಲ್ಲಿಸುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಕಾಡು, ಗದ್ದೆ ಮತ್ತು ದೇವಸ್ಥಾನ ಒಂದಕ್ಕೊಂದು ಹೊಂದಿಕೊಂಡಿರುವ ಈ ಪರಿಸರದಲ್ಲಿ ಮನೆಮದ್ದಿನ ತಿಳಿವಳಿಕೆ ಇಂದಿಗೂ ದಿನಬಳಕೆಯದ್ದಾಗಿ ಉಳಿದಿದೆ. ಅದರ ಅತ್ಯಂತ ಪ್ರಸಿದ್ಧ ನಿದರ್ಶನವೆಂದರೆ ಆಟಿ ಅಮಾವಾಸ್ಯೆಯ ಪಾಲೆ ಕಷಾಯ.

ತುಳುವರ ಆಟಿ ತಿಂಗಳು ಜುಲೈ ಮಧ್ಯಭಾಗದಿಂದ ಆಗಸ್ಟ್ ಮಧ್ಯಭಾಗದವರೆಗೆ, ಮುಂಗಾರಿನ ನಡುವೆ ಬರುತ್ತದೆ. ಆ ತಿಂಗಳ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುನ್ನ ಪಾಲೆಮರದ ತೊಗಟೆಯನ್ನು ಕತ್ತಿ ಬಳಸದೆ ಕಲ್ಲಿನಿಂದ ಜಜ್ಜಿ ತೆಗೆದು, ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಮುಂತಾದವುಗಳನ್ನು ಕೂಡಿಸಿ, ಕಾದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕುಡಿಯುತ್ತಾರೆ. ಬಳಿಕ ದೇಹಕ್ಕೆ ತಂಪೆಂದು ಮೆಂತೆಗಂಜಿ ಸೇವಿಸುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲೆಲ್ಲ ಈ ಆಚರಣೆ ಇದೆ. ಇದರ ಉದ್ದೇಶ ಮಳೆಗಾಲದ ಜ್ವರಾದಿಗಳಿಂದ ರಕ್ಷಣೆ ಪಡೆಯುವುದೇ ಹೊರತು ಅರ್ಬುದ ರೋಗದ ಚಿಕಿತ್ಸೆಯಲ್ಲ.

ಇದೇ ಮರದ ತೊಗಟೆಯ ಸಾರವು ಅರ್ಬುದಕೋಶಗಳನ್ನು ಕೊಲ್ಲಬಲ್ಲುದೆಂಬುದನ್ನು ಕರಾವಳಿಯದೇ ಆದ ಮಣಿಪಾಲದ ಪ್ರಯೋಗಶಾಲೆಯೊಂದು 2000ದ ದಶಕದಲ್ಲಿ ವಿವರವಾಗಿ ದಾಖಲಿಸಿತು. ಈ ಎರಡು ಸಂಗತಿಗಳನ್ನು ಒಂದಾಗಿಸಿ, 'ಪಾಲೆ ಕಷಾಯ ಕ್ಯಾನ್ಸರಿಗೆ ಮದ್ದು' ಎಂದು ಹೇಳುವ ಪ್ರವೃತ್ತಿ ಸಾಮಾನ್ಯವಾಗಿದೆ. ಪ್ರಯೋಗಶಾಲೆಯ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಪಾಲೆಯ ನಿದರ್ಶನದ ಮೂಲಕ ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರದ ಗುರುತು

ಪಾಲೆಯ ಸಸ್ಯಶಾಸ್ತ್ರೀಯ ನಾಮ ಆಲ್‌ಸ್ಟೋನಿಯಾ ಸ್ಕಾಲಾರಿಸ್. ಇದು ಅಪೋಸೈನೇಸೀ ಕುಟುಂಬಕ್ಕೆ ಸೇರಿದೆ. ಕನ್ನಡದಲ್ಲಿ ಹಾಲೆಮರ, ಮದ್ದಾಲೆ ಎಂದೂ ಸಂಸ್ಕೃತದಲ್ಲಿ ಸಪ್ತಪರ್ಣವೆಂದೂ ಇದಕ್ಕೆ ಹೆಸರುಗಳಿವೆ. ಗೆಣ್ಣಿನ ಸುತ್ತ ಸಾಮಾನ್ಯವಾಗಿ ಏಳು ಎಲೆಗಳು ವೃತ್ತಾಕಾರದಲ್ಲಿ ಜೋಡಣೆಗೊಂಡಿರುವುದರಿಂದ ಸಪ್ತಪರ್ಣವೆಂಬ ಹೆಸರು ಬಂದಿದೆ. ಇದರ ಹಗುರವಾದ ಮರದಿಂದ ಹಿಂದೆ ಶಾಲಾಮಕ್ಕಳ ಬರೆಯುವ ಹಲಗೆಗಳನ್ನು ಮಾಡುತ್ತಿದ್ದುದರಿಂದ ಸ್ಕಾಲಾರಿಸ್ ಎಂಬ ಪದ ಲ್ಯಾಟಿನ್ ನಾಮದಲ್ಲಿ ಸೇರಿಕೊಂಡಿತು. ತೊಗಟೆಯನ್ನು ಗಾಯಗೊಳಿಸಿದರೆ ಹಾಲಿನಂತಹ ಸೊನೆ ಒಸರುತ್ತದೆ. ಎಕೈಟಮೀನ್ ಮೊದಲಾದ ಅನೇಕ ಆಲ್ಕಲಾಯ್ಡುಗಳು ಇದರಲ್ಲಿವೆ.

ಸಸ್ಯಸಾರದ ಯಾವುದೇ ಪರೀಕ್ಷೆಯ ಮೊದಲ ಹೆಜ್ಜೆ ಸಸ್ಯದ ನಿಖರವಾದ ಗುರುತಿಸುವಿಕೆ. ಎಲೆ, ಹೂ, ಕಾಯಿಗಳಿರುವ ರೆಂಬೆಯನ್ನು ಒಣಗಿಸಿ, ಸಂಗ್ರಹಿಸಿದ ಸ್ಥಳ ಮತ್ತು ದಿನಾಂಕಗಳೊಡನೆ ಸಸ್ಯಾಗಾರದಲ್ಲಿ ಸಂಖ್ಯೆ ಕೊಟ್ಟು ಇರಿಸದಿದ್ದರೆ, ಮುಂದಿನ ಫಲಿತಾಂಶ ಎಷ್ಟೇ ಆಕರ್ಷಕವಾಗಿದ್ದರೂ ಅದನ್ನು ಮತ್ತೊಬ್ಬರು ಪರಿಶೀಲಿಸಲಾರರು. ಇದು ಕೇವಲ ಶಾಸ್ತ್ರದ ಔಪಚಾರಿಕತೆಯಲ್ಲ. ಪಾಲೆ ಬೆಳೆಯುವ ಪರಿಸರದಲ್ಲಿಯೇ ಕಾಸರಕದ ಮರವೂ ಬೆಳೆಯುತ್ತದೆ. ಅದರ ತೊಗಟೆ ಮತ್ತು ಬೀಜಗಳಲ್ಲಿ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ತೀವ್ರ ವಿಷಗಳಿವೆ. ನಸುಕಿನ ಕತ್ತಲಲ್ಲಿ ಮರ ತಪ್ಪಿದರೆ ಕಷಾಯವೇ ವಿಷವಾಗುತ್ತದೆ. ಹಿಂದಿನ ದಿನವೇ ಮರವನ್ನು ನೋಡಿ ಗುರುತಿಸಿಟ್ಟುಕೊಳ್ಳುವ ಹಿರಿಯರ ಎಚ್ಚರಿಕೆಗೂ ಸಸ್ಯಾಗಾರದ ಸಂಖ್ಯೆಗೂ ಇರುವ ಪ್ರಯೋಜನ ಒಂದೇ.

ಸಾರದ ತಯಾರಿಕೆ

ಸಂಗ್ರಹಿಸಿದ ಭಾಗವನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ದ್ರಾವಕದಲ್ಲಿ ನೆನೆಸಿ ಅಥವಾ ಸಾಕ್ಸ್‌ಲೆಟ್ ಉಪಕರಣದಲ್ಲಿ ಕುದಿಸಿ, ದ್ರಾವಕವನ್ನು ಆವಿಯಾಗಿಸಿದಾಗ ಉಳಿಯುವ ಅಂಟಾದ ವಸ್ತುವೇ ಸಾರ. ಇಲ್ಲಿ ದ್ರಾವಕದ ಆಯ್ಕೆಯು ನಿರ್ಣಾಯಕ. ನೀರಿನಲ್ಲಿ ಸಕ್ಕರೆಗಳು, ಟ್ಯಾನಿನ್‌ಗಳು, ಗ್ಲೈಕೋಸೈಡುಗಳು ಇಳಿದರೆ, ಡೈಕ್ಲೋರೋಮೀಥೇನಿನಂತಹ ದ್ರಾವಕದಲ್ಲಿ ಟರ್ಪೀನುಗಳು ಮತ್ತು ಕೆಲವು ಆಲ್ಕಲಾಯ್ಡುಗಳು ಇಳಿಯುತ್ತವೆ. ಆದುದರಿಂದ ಒಂದೇ ಗಿಡದಿಂದ ಪಡೆದ ಎರಡು ಸಾರಗಳು ರಾಸಾಯನಿಕವಾಗಿ ಎರಡು ಬೇರೆ ವಸ್ತುಗಳು.

ಈ ಅಂಶವನ್ನು ಅಮೃತಬಳ್ಳಿಯ ಮೇಲೆ ಮಣಿಪಾಲದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ ಚೆನ್ನಾಗಿ ತೋರಿಸುತ್ತದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಜಿ.ಸಿ. ಜಗೇತಿಯಾ ಮತ್ತು ಸಂಗಡಿಗರು ಅಮೃತಬಳ್ಳಿಯ ನೀರಿನ, ಮೆಥನಾಲಿನ ಮತ್ತು ಡೈಕ್ಲೋರೋಮೀಥೇನಿನ ಸಾರಗಳನ್ನು ಪ್ರತ್ಯೇಕವಾಗಿ ತಯಾರಿಸಿ, ಪ್ರತಿ ಮಿಲಿಲೀಟರಿಗೆ 5ರಿಂದ 100 ಮೈಕ್ರೋಗ್ರಾಂವರೆಗಿನ ಪ್ರಮಾಣಗಳಲ್ಲಿ ಹೀಲಾ ಕೋಶಗಳ ಮೇಲೆ ಪ್ರಯೋಗಿಸಿದರು. ಮೂರೂ ಸಾರಗಳು ಕೋಶಗಳನ್ನು ಕೊಂದವು; ಆದರೆ ಡೈಕ್ಲೋರೋಮೀಥೇನಿನ ಸಾರದ ಪರಿಣಾಮ ಉಳಿದೆರಡನ್ನೂ ಬಹಳಷ್ಟು ಮೀರಿಸಿತ್ತು. ಜನರು ಮನೆಯಲ್ಲಿ ಸೇವಿಸುವುದು ನೀರಿನಲ್ಲಿ ಕುದಿಸಿದ ಕಷಾಯವನ್ನು. ಡೈಕ್ಲೋರೋಮೀಥೇನ್ ಸೇವನೆಗೆ ಯೋಗ್ಯವಲ್ಲದ ಕೈಗಾರಿಕಾ ದ್ರಾವಕ. ಹೀಗಾಗಿ ಅಂತಹ ಸಾರದ ಫಲಿತಾಂಶವನ್ನು ಕಷಾಯದ ಗುಣವೆಂದು ಹೇಳುವಂತಿಲ್ಲ.

ಕೋಶಪರೀಕ್ಷೆಯ ವಿಧಾನ

ದೇಹದ ಹೊರಗೆ ಬೆಳೆಸಿದ ಮಾನವ ಅರ್ಬುದಕೋಶಗಳ ಮೊದಲ ಯಶಸ್ವೀ ಸಂತತಿ ಹೀಲಾ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ, ಆಕೆಯ ಅನುಮತಿಯಿಲ್ಲದೆ ಪಡೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ವಿಭಜನೆಗೊಳ್ಳುತ್ತಿವೆ. ಯಕೃತ್ತಿನ ಗಡ್ಡೆಯ ಹೆಪ್-ಜಿ2, ಸ್ತನದ ಅರ್ಬುದದ ಎಂಸಿಎಫ್-7, ರಕ್ತದ ಅರ್ಬುದದ ಎಚ್‌ಎಲ್-60 ಮೊದಲಾದ ಸಂತತಿಗಳು ಅನಂತರ ಬಂದವು. ಭಾರತದಲ್ಲಿ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರವು ಸಂಶೋಧಕರಿಗೆ ಇಂತಹ ಕೋಶಗಳನ್ನು ಒದಗಿಸುತ್ತದೆ.

ಪರೀಕ್ಷೆಯ ಕ್ರಮ ಸ್ಥೂಲವಾಗಿ ಹೀಗಿದೆ. 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ಪ್ರತಿ ಗುಳಿಯಲ್ಲಿ ಕೆಲವು ಸಾವಿರ ಕೋಶಗಳನ್ನು ಪೋಷಕದ್ರವದೊಡನೆ ಇರಿಸಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇಕಡ 5ರಷ್ಟು ಇಂಗಾಲದ ಡೈ ಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಬೆಳೆಸಲಾಗುತ್ತದೆ. ಸಾರವನ್ನು ಬೇರೆ ಬೇರೆ ಸಾಂದ್ರತೆಗಳಲ್ಲಿ ಸೇರಿಸಿ, ನಿಗದಿತ ಅವಧಿಯ ಅನಂತರ ಎಂಟಿಟಿ ಎಂಬ ಹಳದಿ ವಸ್ತುವನ್ನು ಕೂಡಿಸಲಾಗುತ್ತದೆ. ಟಿಮ್ ಮಾಸ್ಮನ್ 1983ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಜೀವಂತ ಕೋಶಗಳು ಹಳದಿ ವಸ್ತುವನ್ನು ನೇರಳೆ ಬಣ್ಣದ ಫಾರ್ಮಜಾನ್ ಆಗಿ ಪರಿವರ್ತಿಸುತ್ತವೆ. ನೇರಳೆಯ ತೀವ್ರತೆಯನ್ನು ಅಳೆದು, ಬದುಕುಳಿದ ಕೋಶಗಳ ಪ್ರಮಾಣವನ್ನು ಲೆಕ್ಕಹಾಕಲಾಗುತ್ತದೆ. ಆ ಪ್ರಮಾಣವನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆಗೆ ಐಸಿ-50 ಎಂದು ಹೆಸರು. ಇದು ಚಿಕ್ಕದಾದಷ್ಟೂ ಸಾರ ಪ್ರಬಲ.

ಎಂಟಿಟಿ ವಿಧಾನಕ್ಕೆ ದೋಷಗಳೂ ಇವೆ. ಸಸ್ಯಸಾರದಲ್ಲಿರುವ ಕೆಲವು ಉತ್ಕರ್ಷಣ ನಿರೋಧಕಗಳು ಕೋಶದ ನೆರವಿಲ್ಲದೆಯೇ ಎಂಟಿಟಿಯನ್ನು ನೇರಳೆಯಾಗಿಸಬಲ್ಲವು. ಆದುದರಿಂದ ಕೋಶಗಳಿಲ್ಲದ ಗುಳಿಯಲ್ಲಿ ಸಾರವನ್ನು ಮಾತ್ರ ಇರಿಸಿ ನೋಡುವುದು, ದ್ರಾವಕವನ್ನು ಮಾತ್ರ ಸೇರಿಸಿದ ಗುಳಿಯನ್ನು ಹೋಲಿಕೆಗಾಗಿ ಇರಿಸುವುದು ಅನಿವಾರ್ಯ. ಹೆಚ್ಚು ವಿಶ್ವಾಸಾರ್ಹವಾದ ಮತ್ತೊಂದು ವಿಧಾನದಲ್ಲಿ, ಸಾರಕ್ಕೆ ಒಡ್ಡಿದ ಕೋಶಗಳನ್ನು ಬಿಡಿಬಿಡಿಯಾಗಿ ಬಿತ್ತಿ, ಒಂದೆರಡು ವಾರಗಳ ಬಳಿಕ ಕನಿಷ್ಠ 50 ಕೋಶಗಳಿರುವ ಎಷ್ಟು ಗುಂಪುಗಳು ಬೆಳೆದಿವೆ ಎಂದು ಎಣಿಸಲಾಗುತ್ತದೆ. ವಿಭಜನೆಗೊಳ್ಳುವ ಶಕ್ತಿಯನ್ನೇ ಕಳೆದುಕೊಂಡ ಕೋಶವು ತತ್ಕಾಲಕ್ಕೆ ಜೀವಂತವಾಗಿದ್ದರೂ ಈ ಎಣಿಕೆಯಲ್ಲಿ ಸತ್ತಂತೆಯೇ.

ಪಾಲೆಯ ಮೇಲಿನ ಅಧ್ಯಯನಗಳು

ಪಾಲೆಯ ಎಕೈಟಮೀನ್ ಕ್ಲೋರೈಡ್ ಇಲಿಗಳಲ್ಲಿ ಉಂಟುಮಾಡಿದ ಗಡ್ಡೆಗಳ ಬೆಳವಣಿಗೆಯನ್ನು ತಗ್ಗಿಸುವುದೆಂದು 1991ರಲ್ಲಿಯೇ ವರದಿಯಾಗಿತ್ತು. ಅನಂತರ ಮಣಿಪಾಲದಲ್ಲಿ ಜಗೇತಿಯಾ ಮತ್ತು ಎಂ.ಎಸ್. ಬಾಳಿಗಾ ಅವರು ತೊಗಟೆಯ ಆಲ್ಕಲಾಯ್ಡ್ ಅಂಶವನ್ನು ಬೇರ್ಪಡಿಸಿ ಐದು ಕೋಶಸಂತತಿಗಳ ಮೇಲೆ ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಐಸಿ-50 ಪ್ರಮಾಣವು ಪ್ರತಿ ಮಿಲಿಲೀಟರಿಗೆ ಹೀಲಾದಲ್ಲಿ 5.53, ಕೆಬಿಯಲ್ಲಿ 10, ಎಚ್‌ಎಲ್-60ರಲ್ಲಿ 11.16, ಹೆಪ್-ಜಿ2ರಲ್ಲಿ 25 ಮತ್ತು ಎಂಸಿಎಫ್-7ರಲ್ಲಿ 29.76 ಮೈಕ್ರೋಗ್ರಾಂ ಆಗಿತ್ತು.

ಈ ಅಂಕಿಗಳನ್ನು ಓದುವಾಗ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಒಂದೇ ವಸ್ತುವಿನ ಪ್ರಾಬಲ್ಯ ಕೋಶದಿಂದ ಕೋಶಕ್ಕೆ ಐದು ಪಟ್ಟಿಗೂ ಮಿಕ್ಕಿ ಬದಲಾಗುತ್ತದೆ. 'ಅರ್ಬುದಕ್ಕೆ ಪರಿಣಾಮಕಾರಿ' ಎಂಬ ಒಂದೇ ಮಾತಿನಲ್ಲಿ ಈ ವ್ಯತ್ಯಾಸ ಮರೆಯಾಗುತ್ತದೆ. ಎರಡನೆಯದಾಗಿ, ಬಾಯಿಯ ಅರ್ಬುದದ ಕೋಶವೆಂದು ಬಹುಕಾಲ ಭಾವಿಸಲಾಗಿದ್ದ ಕೆಬಿ ಸಂತತಿಯು ವಾಸ್ತವದಲ್ಲಿ ಹೀಲಾ ಕೋಶಗಳ ಬೆರಕೆಯಿಂದ ಉಂಟಾದದ್ದೆಂದು ವಂಶವಾಹಿ ಪರೀಕ್ಷೆಗಳಿಂದ ಸಿದ್ಧವಾಗಿದೆ. ಇದು ಜಗತ್ತಿನ ಎಲ್ಲ ಪ್ರಯೋಗಶಾಲೆಗಳಿಗೂ ಸಂಬಂಧಿಸಿದ ಸಮಸ್ಯೆ. ಗಿಡದ ಗುರುತಿನಂತೆ ಕೋಶದ ಗುರುತನ್ನೂ ದೃಢಪಡಿಸಿಕೊಳ್ಳಬೇಕಾದ ಅಗತ್ಯ ಇದರಿಂದ ವಿದಿತವಾಗುತ್ತದೆ.

ಮುಂದಿನ ಹಂತದಲ್ಲಿ ಗಡ್ಡೆಕೋಶಗಳನ್ನು ಚುಚ್ಚಿದ ಸಣ್ಣಿಲಿಗಳಿಗೆ ದಿನಕ್ಕೊಂದು ಬಾರಿಯಂತೆ ಒಂಬತ್ತು ದಿನ ಈ ಅಂಶವನ್ನು ನೀಡಲಾಯಿತು. ದೇಹತೂಕದ ಪ್ರತಿ ಕಿಲೋಗ್ರಾಂಗೆ 240 ಮಿಲಿಗ್ರಾಂ ಪ್ರಮಾಣದಲ್ಲಿ ಗಡ್ಡೆಯ ಮೇಲಿನ ಪರಿಣಾಮ ಅತಿ ಹೆಚ್ಚಾಗಿತ್ತು. ಆದರೆ ಅಲ್ಲಿಯೇ ವಿಷಲಕ್ಷಣಗಳೂ ಕಾಣಿಸಿಕೊಂಡವು. ಆದುದರಿಂದ 210 ಮಿಲಿಗ್ರಾಂ ಪ್ರಮಾಣವನ್ನು ಉತ್ತಮವೆಂದು ಆರಿಸಲಾಯಿತು. ಆ ಪ್ರಮಾಣದಲ್ಲಿ ಶೇಕಡ 20ರಷ್ಟು ಪ್ರಾಣಿಗಳು 120 ದಿನಗಳವರೆಗೆ ಬದುಕಿದವು. ಮದ್ದು ಕೊಡದ ಗುಂಪಿನಲ್ಲಿ ಒಂದೂ ಉಳಿಯಲಿಲ್ಲ. ಇದು ಗಣನೀಯ ಫಲಿತಾಂಶವೇ ಸರಿ. ಆದರೆ ಉಪಯುಕ್ತ ಪ್ರಮಾಣಕ್ಕೂ ವಿಷಪ್ರಮಾಣಕ್ಕೂ ನಡುವೆ ಇರುವ ಅಂತರ ಕೇವಲ 30 ಮಿಲಿಗ್ರಾಂ, ಅಂದರೆ ಸುಮಾರು ಏಳನೆಯ ಒಂದು ಭಾಗ.

ಪ್ರಾಣಿಯ ಪ್ರಮಾಣವನ್ನು ಮನುಷ್ಯನಿಗೆ ಅನ್ವಯಿಸಲು ದೇಹದ ಮೇಲ್ಮೈ ವಿಸ್ತೀರ್ಣವನ್ನು ಆಧರಿಸಿದ ಲೆಕ್ಕಾಚಾರವೊಂದಿದೆ. ಸಣ್ಣಿಲಿಯ ಪ್ರಮಾಣವನ್ನು ಸುಮಾರು 12ರಿಂದ ಭಾಗಿಸುವುದು ಅದರ ಸರಳರೂಪ. ಅದರಂತೆ 210 ಮಿಲಿಗ್ರಾಂ ಎಂಬುದು 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ದಿನಕ್ಕೆ ಸುಮಾರು ಒಂದು ಗ್ರಾಂ ಆಗುತ್ತದೆ. ಅದು ತೊಗಟೆಯ ತೂಕವಲ್ಲ, ತೊಗಟೆಯಿಂದ ಬೇರ್ಪಡಿಸಿದ ಆಲ್ಕಲಾಯ್ಡ್ ಅಂಶದ ತೂಕ. ವರ್ಷಕ್ಕೊಮ್ಮೆ ಸೇವಿಸುವ ಸ್ವಲ್ಪ ಕಷಾಯವನ್ನು ಇದರೊಡನೆ ಹೋಲಿಸುವಂತಿಲ್ಲ.

ಋತುವಿನ ಪ್ರಶ್ನೆ

ಪಾಲೆಯ ಅಧ್ಯಯನಗಳಲ್ಲಿ ತುಳುನಾಡಿನ ಆಚರಣೆಗೆ ನೇರವಾಗಿ ತಾಗುವ ಭಾಗ ಋತುವಿಗೆ ಸಂಬಂಧಿಸಿದ್ದು. ಮಣಿಪಾಲದ ಸಂಶೋಧಕರು ಮಳೆಗಾಲ, ಚಳಿಗಾಲ, ಬೇಸಿಗೆ ಈ ಮೂರೂ ಕಾಲಗಳಲ್ಲಿ ಸಂಗ್ರಹಿಸಿದ ಪಾಲೆಯ ಸಾರಗಳನ್ನು ಹೋಲಿಸಿದರು. ಹೀಲಾ ಕೋಶಗಳನ್ನು ಕೊಲ್ಲುವಲ್ಲಿ ಬೇಸಿಗೆಯ ಸಾರವೇ ಹೆಚ್ಚು ಸಮರ್ಥವಾಗಿತ್ತು. ನೀರು ಮತ್ತು ಆಲ್ಕೋಹಾಲುಗಳ ಮಿಶ್ರಣದಲ್ಲಿ ತಯಾರಿಸಿದ ಸಾರದ ವಿಷತ್ವವನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಇಲಿಗಳಿಗೆ ಅತ್ಯಂತ ವಿಷಕಾರಿಯಾಗಿ ಕಂಡುಬಂದದ್ದು ಬೇಸಿಗೆಯ ಸಾರ, ಅನಂತರ ಚಳಿಗಾಲದ್ದು. ಎಲ್ಲಕ್ಕಿಂತ ಕಡಿಮೆ ವಿಷತ್ವ ಮಳೆಗಾಲದ ಸಾರದಲ್ಲಿತ್ತು.

ಅರ್ಬುದಕೋಶವನ್ನು ಹೆಚ್ಚು ಕೊಲ್ಲುವ ಸಾರವೇ ಪ್ರಾಣಿಗೂ ಹೆಚ್ಚು ವಿಷಕಾರಿಯಾಗಿದೆ ಎಂಬ ಈ ಸಂಗತಿಯಲ್ಲಿ ಸಸ್ಯಸಾರ ಪರೀಕ್ಷೆಯ ಮೂಲಸಮಸ್ಯೆ ಅಡಗಿದೆ. ಕೋಶವನ್ನು ಕೊಲ್ಲುವುದು ಕಷ್ಟದ ಕೆಲಸವಲ್ಲ; ಉಪ್ಪು, ಸಾಬೂನುಗಳಿಂದಲೂ ಅದು ಸಾಧ್ಯ. ಆರೋಗ್ಯವಂತ ಕೋಶವನ್ನು ಉಳಿಸಿ ರೋಗಕೋಶವನ್ನು ಮಾತ್ರ ಕೊಲ್ಲುವುದು ಕಷ್ಟ. ಆದುದರಿಂದಲೇ ಸಹಜ ಕೋಶಗಳ ಐಸಿ-50ಯನ್ನು ಅರ್ಬುದಕೋಶಗಳ ಐಸಿ-50ಯಿಂದ ಭಾಗಿಸಿ ದೊರೆಯುವ ಆಯ್ಕೆಯ ಸೂಚ್ಯಂಕವನ್ನು ಕೊಡದ ಯಾವ ಪರೀಕ್ಷಾವರದಿಯೂ ಪೂರ್ಣವೆನಿಸದು.

ಮಳೆಗಾಲದ ತೊಗಟೆಯಲ್ಲಿ ವಿಷತ್ವ ಕಡಿಮೆ ಎಂಬ ಫಲಿತಾಂಶವು ಆಟಿಯ ಆಚರಣೆಯೊಡನೆ ಹೊಂದಿಕೊಳ್ಳುವುದು ಗಮನಾರ್ಹ. ಆದರೆ ಆ ಪ್ರಯೋಗ ನಡೆದದ್ದು ಇಲಿಗಳಲ್ಲಿ, ಆಲ್ಕೋಹಾಲ್ ಬೆರೆತ ಸಾರದಿಂದ. ಅಮಾವಾಸ್ಯೆಯ ದಿನವನ್ನು ಇತರ ದಿನಗಳೊಡನೆ ಅದು ಹೋಲಿಸಿದ್ದಲ್ಲ. ಇದರಿಂದ ಆಚರಣೆ ಸಾಬೀತಾಯಿತೆಂದು ಹೇಳಲಾಗದು. ಮನೆಮಂದಿಗೆಲ್ಲ ಕೊಡುವ ಕಷಾಯಕ್ಕೆ ಮಳೆಗಾಲವನ್ನು ಆರಿಸಿದ ರೂಢಿಯು ಅವಿವೇಕದ್ದಲ್ಲವೆಂದು ಮಾತ್ರ ಹೇಳಬಹುದು. ಪ್ರಯೋಗಶಾಲೆ ಕೇಳುವುದು ಪ್ರಬಲವಾದದ್ದು ಯಾವುದೆಂದು. ಮನೆ ಕೇಳುವುದು ಸೈರಣೆಯಾಗುವುದು ಯಾವುದೆಂದು. ಮರ ಒಂದೇ ಆದರೂ ಪ್ರಶ್ನೆಗಳು ಬೇರೆ. ಗರ್ಭಿಣಿ ಸಣ್ಣಿಲಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 240 ಮಿಲಿಗ್ರಾಂವರೆಗೆ ದೋಷ ಕಾಣದೆ, ಅದನ್ನು ಮೀರಿದಾಗ ಭ್ರೂಣಗಳ ಸಾವು ಮತ್ತು ಅಂಗವೈಕಲ್ಯಗಳು ಹೆಚ್ಚಿದುದನ್ನೂ ಇಲ್ಲಿ ಸ್ಮರಿಸಬೇಕು.

ತಟ್ಟೆಯಿಂದ ಔಷಧದವರೆಗೆ

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1960ರಿಂದ 1982ರವರೆಗೆ ಸುಮಾರು 35,000 ಸಸ್ಯಗಳಿಂದ ಪಡೆದ 1,14,000ದಷ್ಟು ಸಾರಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಔಷಧವಾಗಿ ರೋಗಿಗಳನ್ನು ತಲುಪಿದವು ಬೆರಳೆಣಿಕೆಯಷ್ಟು. ಅಂತಹ ಒಂದು ವಸ್ತುವಿಗೆ ಪಶ್ಚಿಮ ಘಟ್ಟದ ಸಂಬಂಧವಿದೆ. ಚೀನಾ ಮೂಲದ ಮರವೊಂದರಿಂದ ವಾಲ್ ಮತ್ತು ವಾನಿ 1966ರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಘಟ್ಟದ ಕಾಡುಗಳಲ್ಲಿ ಬೆಳೆಯುವ, ಹೂವಿನ ಕೆಟ್ಟ ವಾಸನೆಯಿಂದ ದುರ್ವಾಸನೆ ಮರವೆಂದು ಕರೆಯಲಾಗುವ ನೊಥಾಪೊಡೈಟಿಸ್ ನಿಮ್ಮೋನಿಯಾನದಲ್ಲಿಯೂ ಅದೇ ವಸ್ತು ಹೇರಳವಾಗಿರುವುದನ್ನು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ವರದಿಮಾಡಿದರು. ರೋಗಿಗಳ ಮೇಲಿನ ಆರಂಭದ ಪ್ರಯೋಗಗಳು ತೀವ್ರ ವಿಷತ್ವದ ಕಾರಣ 1970ರ ದಶಕದಲ್ಲಿ ನಿಂತುಹೋದವು. ಅಣುವಿನ ರಚನೆಯನ್ನು ಮಾರ್ಪಡಿಸಿ ಪಡೆದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1996ರಲ್ಲಿ. ತಟ್ಟೆಯಿಂದ ರೋಗಿಯವರೆಗಿನ ದಾರಿಗೆ 30 ವರ್ಷ ಹಿಡಿಯಿತು. ಕೊನೆಗೆ ದೊರೆತ ಔಷಧವು ಮರದ ಸಾರವಾಗಿರಲಿಲ್ಲ.

ಪಾಲೆಯ ಕುಟುಂಬಕ್ಕೇ ಸೇರಿದ ನಿತ್ಯಪುಷ್ಪದ ವಿನ್‌ಕ್ರಿಸ್ಟೀನ್ ಇಂದಿಗೂ ಮಕ್ಕಳ ರಕ್ತದ ಅರ್ಬುದದ ಚಿಕಿತ್ಸೆಯಲ್ಲಿ ಮುಖ್ಯ ಔಷಧ. ಅದನ್ನು ಶುದ್ಧರೂಪದಲ್ಲಿ, ಮಿಲಿಗ್ರಾಂಗಳ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡಲಾಗುತ್ತದೆ. ಅಂಗಳದ ನಿತ್ಯಪುಷ್ಪದ ಎಲೆಯನ್ನು ಅರೆದು ಕುಡಿಯುವುದು ಅದಕ್ಕೆ ಬದಲಿಯಾಗದು. ಪಾಲೆಯ ವಿಷಯದಲ್ಲಿ ಶುದ್ಧ ಅಣುವಿನಿಂದ ಅನುಮೋದಿತ ಔಷಧದವರೆಗಿನ ದಾರಿ ಇನ್ನೂ ಕ್ರಮಿಸಲ್ಪಟ್ಟಿಲ್ಲ.

ಪ್ರದೇಶದ ಹೊಣೆ

ದೇಹದ ಮೇಲೆ ರಾಸಾಯನಿಕಗಳ ಪರಿಣಾಮವೆಂಬುದು ಕೊಕ್ಕಡದ ಜನರಿಗೆ ಪುಸ್ತಕದ ವಿಷಯವಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆ ಪರಿಸರದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಅದರ ಸಂತ್ರಸ್ತರೆಂದು ಗುರುತಿಸಲ್ಪಟ್ಟವರ ಆರೈಕೆ ಇಲ್ಲಿನ ಕುಟುಂಬಗಳ ಬಹುಕಾಲದ ಹೊರೆಯಾಗಿ ಪರಿಣಮಿಸಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ಆ ಕೀಟನಾಶಕದ ತಯಾರಿಕೆ ಮತ್ತು ಬಳಕೆಯನ್ನು ತಡೆಹಿಡಿಯಿತು. ಒಂದು ವಸ್ತು ಯಾವುದನ್ನು ಕೊಲ್ಲುತ್ತದೆ ಎಂಬುದರ ಜೊತೆಗೆ ಯಾರಿಗೆ, ಯಾವ ಪ್ರಮಾಣದಲ್ಲಿ, ಎಷ್ಟು ಕಾಲದ ಅನಂತರ ಹಾನಿ ಮಾಡುತ್ತದೆ ಎಂದು ಕೇಳುವ ಹಕ್ಕು ಇಂತಹ ಊರಿಗೆ ಹೆಚ್ಚಾಗಿಯೇ ಇದೆ. ಕೀಟನಾಶಕಕ್ಕೆ ಕೇಳುವ ಪ್ರಶ್ನೆಯನ್ನು ಗಿಡಮೂಲಿಕೆಗೂ ಕೇಳಬೇಕಾಗುತ್ತದೆ. ಸಸ್ಯಮೂಲದ್ದೆಂಬ ಕಾರಣಕ್ಕೆ ಯಾವ ವಸ್ತುವೂ ನಿರಪಾಯಕಾರಿಯಾಗುವುದಿಲ್ಲ.

ಈ ಹೊಣೆಗೆ ಮೂರು ಮುಖಗಳಿವೆ. ಅರ್ಬುದವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ತಟ್ಟೆಯ ಫಲಿತಾಂಶವನ್ನು ನಂಬಿ ಶಸ್ತ್ರಚಿಕಿತ್ಸೆಯನ್ನೋ ವಿಕಿರಣ ಚಿಕಿತ್ಸೆಯನ್ನೋ ಮುಂದೂಡಿದ ರೋಗಿಗೆ ಕಳೆದುಹೋದ ತಿಂಗಳುಗಳು ಮರಳಿ ದೊರೆಯುವುದಿಲ್ಲ. ಎರಡನೆಯದಾಗಿ, 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿಗಳನ್ನು ರಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಲು ಅವಕಾಶ ಕಲ್ಪಿಸಿದೆ. 2023ರ ತಿದ್ದುಪಡಿಯ ಅನಂತರವೂ ಈ ದಾಖಲೆಯ ಮಹತ್ವ ಕುಂದಿಲ್ಲ. ಯಾವ ಮರ, ಯಾವ ಭಾಗ, ಯಾವ ಕಾಲ, ಎಷ್ಟು ಪ್ರಮಾಣ, ಯಾರಿಗೆ ಕೊಡಬಾರದು ಎಂಬ ವಿವರಗಳು ಅಲ್ಲಿ ಸೇರಿದರೆ ಸಂಶೋಧಕನಿಗೆ ಅದಕ್ಕಿಂತ ಉತ್ತಮ ಆಕರ ಬೇರೊಂದಿರದು. ಮೂರನೆಯದಾಗಿ, ಮರದ ರಕ್ಷಣೆ. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಮರ ಒಣಗುತ್ತದೆ. ಕಲ್ಲಿನಿಂದ ಜಜ್ಜಿ ಒಂದು ಬದಿಯಲ್ಲಿ ಅಗತ್ಯವಿರುವಷ್ಟನ್ನೇ ತೆಗೆದಾಗ ಮರ ಉಳಿಯುತ್ತದೆ. ಕ್ಯಾಂಪ್ಟೊಥೆಸಿನ್ನಿನ ಬೇಡಿಕೆಯಿಂದ ದುರ್ವಾಸನೆ ಮರವು ಘಟ್ಟದ ಹಲವೆಡೆ ವಿರಳವಾದುದು ಎಚ್ಚರಿಕೆಯ ಪಾಠವಾಗಬೇಕು.

ಉಪಸಂಹಾರ

ಸಸ್ಯಸಾರವೊಂದು ಅರ್ಬುದಕೋಶವನ್ನು ಕೊಂದಿತೆಂಬುದು ಸಂಶೋಧನೆಯ ಆರಂಭವಾಕ್ಯ ಮಾತ್ರ. ಸಸ್ಯದ ಗುರುತು, ದ್ರಾವಕ, ಋತು, ಕೋಶಸಂತತಿ, ಸಹಜ ಕೋಶದ ಹೋಲಿಕೆ, ಪ್ರಾಣಿಗಳಲ್ಲಿ ವಿಷತ್ವ ಇವೆಲ್ಲವೂ ನಮೂದಾದಾಗ ಆ ವಾಕ್ಯಕ್ಕೆ ಅರ್ಥ ಬರುತ್ತದೆ. ಮಾನವರಲ್ಲಿ ಕ್ರಮಬದ್ಧ ಪರೀಕ್ಷೆ ನಡೆದಾಗಲಷ್ಟೇ ಅದು ಔಷಧವೆನಿಸುತ್ತದೆ. ಮಣಿಪಾಲದ ಅಧ್ಯಯನಗಳು ತಮ್ಮ ಅನುಕೂಲದ ಅಂಕಿಗಳೊಡನೆ ವಿಷತ್ವದ ಅಂಕಿಗಳನ್ನೂ ಪ್ರಕಟಿಸಿರುವುದು ಅವುಗಳ ದೊಡ್ಡ ಮೌಲ್ಯ. ಆಟಿಯ ಕಷಾಯಕ್ಕೆ ಗೌರವ ಸಲ್ಲಬೇಕಾದರೆ ಅದು ಎಂದೂ ಹೇಳದ ಗುಣವನ್ನು ಅದಕ್ಕೆ ಆರೋಪಿಸುವುದು ಅನಗತ್ಯ. ಸರಿಯಾದ ಮರ, ಸರಿಯಾದ ಕಾಲ ಮತ್ತು ಮಿತವಾದ ಪ್ರಮಾಣ ಎಂಬ ಅದರ ಶಿಸ್ತನ್ನು ಪ್ರಯೋಗಶಾಲೆಯೂ ಪಾಲಿಸಿದರೆ ಸಾಕು.